ಯಂತ್ರ ಮನಸ್ಸು ಓದಬೇಕಾಗಿಲ್ಲ, ಓದುತ್ತದೆ ಅಂತ ಸಾಹೇಬರು ನಂಬಿದರೆ ಸಾಕು

ಪ್ರಶ್ನೆ: ನಾನು ಭಾಲ್ಕಿಯವನು. ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸುತ್ತೇನೆ, ಕನ್ನಡದಲ್ಲಿ ಒಂದು ಥ್ರಿಲ್ಲರ್ ಕಾದಂಬರಿ ಬರೆಯುತ್ತಿದ್ದೇನೆ. ಬೀದರ್ ಹತ್ತಿರ ಒಂದು ಕಂಪನಿ ಉಚಿತ ಆರೋಗ್ಯ ಶಿಬಿರದ ಹೆಸರಲ್ಲಿ ತಾಂಡಾ, ಹಳ್ಳಿಗಳ ಜನರ ತಲೆಯೊಳಗೆ ಚಿಪ್ ಹಾಕುತ್ತದೆ. ಅವರ ಯೋಚನೆ ಓದುತ್ತದೆ, ನೆನಪು ಅಳಿಸಿ ಹೊಸದು ತುಂಬುತ್ತದೆ, ಕೊನೆಗೆ ರಿಮೋಟ್ ಒತ್ತಿ ಅವರಿಂದ ಅಪರಾಧ ಮಾಡಿಸುತ್ತದೆ. ಇದರಲ್ಲಿ ಎಷ್ಟು ನಿಜವಾಗಿ ಸಾಧ್ಯ? ಓದಿದ ಡಾಕ್ಟರುಗಳು ನಗಬಾರದು ಅನ್ನುವುದು ನನ್ನ ಆಸೆ.

ಉತ್ತರ: ಬೀದರ್ ನೆಲದಲ್ಲಿ, ಕನ್ನಡದಲ್ಲಿ ಇಂಥ ಕಥೆ ಬರುತ್ತಿದೆ ಅನ್ನುವುದೇ ನನಗೆ ಖುಷಿ. ನಾನು ಕಲಬುರಗಿಯಲ್ಲಿ ನರರೋಗ ವೈದ್ಯ. ನೇರವಾಗಿ ಹೇಳಿಬಿಡುತ್ತೇನೆ. ಯೋಚನೆ ಓದುವುದು ಅರ್ಧ ನಿಜ. ನೆನಪು ತುಂಬುವುದು ಇಲಿಯ ಮಟ್ಟಿಗೆ ನಿಜ. ರಿಮೋಟ್ ಒತ್ತಿ ಅಪರಾಧ ಮಾಡಿಸುವುದು ನೀವು ಬರೆದ ರೂಪದಲ್ಲಿ ಆಗದ ಮಾತು. ಆದರೆ ನಿಮ್ಮ ಖಳನಾಯಕನಿಗೆ ಈ ಮೂರೂ ಬೇಕಾಗಿಲ್ಲ. ಮೆದುಳಿನ ವಿಜ್ಞಾನದ ಹೆಸರು ಹೇಳಿಕೊಂಡು ಜನರ ಬದುಕು ಹಾಳು ಮಾಡಲು ಅದು ಪೂರ್ತಿ ಕೆಲಸ ಮಾಡಲೇಬೇಕು ಅಂತಿಲ್ಲ. ಅಧಿಕಾರದಲ್ಲಿ ಇರುವವರು ಅದು ಕೆಲಸ ಮಾಡುತ್ತದೆ ಅಂತ ನಂಬಿದರೆ ಸಾಕು. ನನಗೆ ನಿದ್ದೆ ಕೆಡಿಸುವ ವಿಷಯ ಇದೇ. ನಿಮ್ಮ ಕಾದಂಬರಿಯ ಜೀವ ಇಲ್ಲೇ ಇದೆ ಅಂತ ನನ್ನ ಅನಿಸಿಕೆ.

ಮೊದಲು ಚಿಪ್ ವಿಷಯ ಮುಗಿಸೋಣ. ಶಿಬಿರದ ಟೆಂಟಿನಲ್ಲಿ ಯಾರಿಗೂ ಗೊತ್ತಾಗದ ಹಾಗೆ ಚಿಪ್ ಹಾಕುವುದು ಆಗಲ್ಲ. ತಲೆಬುರುಡೆ ಕೊರೆಯಬೇಕು, ಆಪರೇಷನ್ ಥಿಯೇಟರ್ ಬೇಕು, ನರಶಸ್ತ್ರ ತಜ್ಞರು ಬೇಕು. ಆಮೇಲೆ ಸೋಂಕಾಗದಂತೆ ನೋಡಿಕೊಳ್ಳಬೇಕು. ನ್ಯೂರಾಲಿಂಕ್ ಕಂಪನಿ 2024ರ ಜನವರಿಯಲ್ಲಿ ಮೊದಲ ಸಲ ಮನುಷ್ಯನಿಗೆ ಹಾಕಿದ ಸಾಧನದಲ್ಲಿ ಕೂದಲಿಗಿಂತ ಸಣ್ಣ 64 ಎಳೆಗಳು, ಅವುಗಳ ಮೇಲೆ 1,024 ಎಲೆಕ್ಟ್ರೋಡುಗಳು ಇವೆ. ಅವನ್ನು ಕೂರಿಸಲು ರೋಬೋಟೇ ಬೇಕು. ಅಷ್ಟೆಲ್ಲ ಮಾಡಿದ ಮೇಲೂ ಕೆಲವೇ ವಾರಗಳಲ್ಲಿ ಒಂದಷ್ಟು ಎಳೆಗಳು ಮೆದುಳಿನಿಂದ ಹಿಂದೆ ಸರಿದವು. ಕತ್ತಿನಿಂದ ಕೆಳಗೆ ಚಲನೆಯಿಲ್ಲದ ಆ ಯುವಕ ಅದರಿಂದ ಕಂಪ್ಯೂಟರಿನ ಕರ್ಸರ್ ಓಡಿಸುತ್ತಾನೆ, ಚೆಸ್ ಆಡುತ್ತಾನೆ. ದೊಡ್ಡ ಸಾಧನೆ. ಹಾಗಂತ ಅವನ ಮನಸ್ಸಿನ ಗುಟ್ಟು ಆ ಕಂಪನಿಗೆ ತಿಳಿಯುವುದಿಲ್ಲ. ಕೈ ಆಡಿಸಬೇಕು ಅನ್ನುವ ಉದ್ದೇಶ ಮಾತ್ರ ತಿಳಿಯುತ್ತದೆ.

ಹಾಗಾಗಿ ಚಿಪ್ ಬಿಡಿ, ತಲೆಗೆ ಟೋಪಿ ಹಾಕಿಸಿ. ಇಇಜಿ ಟೋಪಿ. ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳನ್ನು ಹ್ಯಾನ್ಸ್ ಬರ್ಗರ್ ಜರ್ಮನಿಯಲ್ಲಿ ಮೊದಲು ದಾಖಲಿಸಿದ್ದು 1924ರಲ್ಲಿ. ಇವತ್ತು ನಮ್ಮ ಊರಲ್ಲೂ ದಿನವೂ ನಡೆಯುವ ಪರೀಕ್ಷೆ ಅದು. ಅದರ ಕೋಣೆ ಹೇಗಿರುತ್ತದೆ ಅಂತ ಬರೆಯುವಾಗ ನಿಮಗೆ ಬೇಕಾಗಬಹುದು. ಹಿಂದಿನ ದಿನವೇ ತಲೆ ತೊಳೆದು, ಎಣ್ಣೆ ಹಚ್ಚದೆ ಬನ್ನಿ ಅಂತ ಹೇಳಿ ಕಳಿಸಿರುತ್ತೇವೆ. ಆದರೂ ದವಾಖಾನೆಗೆ ಹೋಗುವಾಗ ಕೆದರಿದ ತಲೆಯಲ್ಲಿ ಹೋಗುವುದು ಹ್ಯಾಗ್ರೀ ಅಂತ ತಾಯಂದಿರು ಮಕ್ಕಳ ತಲೆಗೆ ಕೊಬ್ಬರಿ ಎಣ್ಣೆ ಹಾಕಿ, ಬಿಗಿಯಾಗಿ ಜಡೆ ಹೆಣೆದು ಕರೆತರುತ್ತಾರೆ. ಟೆಕ್ನಿಷಿಯನ್ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒಂದೊಂದೇ ಜಾಗ ಉಜ್ಜಿ, ಬಿಳಿ ಪೇಸ್ಟ್ ಮೆತ್ತಿ, ಎಲೆಕ್ಟ್ರೋಡ್ ಅಂಟಿಸುತ್ತಾರೆ. ಎಣ್ಣೆ ಉಳಿದರೆ ಸಿಗ್ನಲ್ ಬರಲ್ಲ. ಮೆದುಳಿನ ಅಲೆ ಬರೀ ಹತ್ತಾರು ಮೈಕ್ರೋವೋಲ್ಟ್‌ನಷ್ಟು. ಕಣ್ಣು ಮಿಟುಕಿಸಿದರೆ ಅದಕ್ಕಿಂತ ದೊಡ್ಡ ಅಲೆ ಏಳುತ್ತದೆ. ಹಲ್ಲು ಕಚ್ಚಿದರೆ ಇಡೀ ಪರದೆ ಕಪ್ಪಗೆ ಗೀಚಿದ ಹಾಗೆ ಆಗುತ್ತದೆ. ಗೋಡೆಯೊಳಗಿನ ವೈರಿಂಗ್, ಇನ್ವರ್ಟರ್ ಎಲ್ಲವೂ 50 ಹರ್ಟ್ಜ್ ಗದ್ದಲವಾಗಿ ಒಳಗೆ ನುಗ್ಗುತ್ತವೆ.

ಇಷ್ಟು ವಿವರ ಯಾಕೆ ಹೇಳಿದೆ ಅಂದರೆ, ನಿಮ್ಮ ನಾಯಕಿ ಆ ಟೋಪಿ ಹಾಕಿಕೊಂಡಾಗ ಅವಳ ಕೈಯಲ್ಲೂ ಒಂದು ಅಸ್ತ್ರ ಇರುತ್ತದೆ. ದವಡೆ ಬಿಗಿ ಹಿಡಿದರೆ ಸಾಕು, ಯಂತ್ರ ಕುರುಡಾಗುತ್ತದೆ. ಯಾವ ಡಾಕ್ಟರೂ ಈ ದೃಶ್ಯ ಓದಿ ನಗುವುದಿಲ್ಲ. ತಲೆ ಆಡಿಸಿ ಹೌದು ಅಂತಾರೆ.

ಇನ್ನು ನಿಜವಾಗಿ ಯೋಚನೆ ಓದುವುದಕ್ಕೆ ಹತ್ತಿರ ಬಂದ ಕೆಲಸ ಯಾವುದು? ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಪ್ರಕಟಿಸಿದ್ದು. ಆಪರೇಷನ್ ಇಲ್ಲದೆ, ಎಂಆರ್‌ಐ ಯಂತ್ರದಲ್ಲಿ ಮಲಗಿದವರು ಕೇಳುತ್ತಿದ್ದ ಕಥೆಯ ಸಾರವನ್ನು ಕಂಪ್ಯೂಟರ್ ವಾಕ್ಯಗಳಲ್ಲಿ ಹೇಳಿತು. ಪದಕ್ಕೆ ಪದ ಅಲ್ಲ, ಸುಮಾರಾಗಿ ಅರ್ಥ. ಅದಕ್ಕಾಗಿ ಪ್ರತಿಯೊಬ್ಬರೂ ಸುಮಾರು 16 ಗಂಟೆ ಯಂತ್ರದೊಳಗೆ ಮಲಗಿ ಕಥೆ ಕೇಳಿದ್ದರು. ಒಬ್ಬರ ಮೇಲೆ ತರಬೇತಾದ ಪ್ರೋಗ್ರಾಂ ಇನ್ನೊಬ್ಬರ ಮೇಲೆ ನಡೆಯಲಿಲ್ಲ. ಮಲಗಿದವರು ಮನಸ್ಸಿನಲ್ಲೇ ಬೇರೆ ಕಥೆ ಹೇಳಿಕೊಂಡರೆ ಅಥವಾ ಪ್ರಾಣಿಗಳ ಹೆಸರು ಹೇಳಿಕೊಂಡರೆ ಅದು ಸೋತಿತು. ಅಂದರೆ ಒಪ್ಪಿಗೆ ಇಲ್ಲದೆ ಆಗಲಿಲ್ಲ. ಮುಂದೆ ಏನಾಗುತ್ತದೋ, ಅದು ಬೇರೆ ಮಾತು. ಆ ತಂಡದವರೇ ಮನಸ್ಸಿನ ಖಾಸಗಿತನದ ಬಗ್ಗೆ ಈಗಲೇ ಯೋಚಿಸಿ ಅಂದಿದ್ದಾರೆ.

ನಿಮ್ಮ ಕಂಪನಿ ಗುಟ್ಟಾಗಿ ಎಂಆರ್‌ಐ ಇಟ್ಟುಕೊಂಡಿದೆ ಅಂತ ಬರೆಯುವುದಾದರೆ ಒಂದು ಮಾತು ನೆನಪಿರಲಿ. ಅದರ ಮ್ಯಾಗ್ನೆಟ್ ದ್ರವ ಹೀಲಿಯಂನಲ್ಲಿ ಮುಳುಗಿರುತ್ತದೆ, ಮೈನಸ್ 269 ಡಿಗ್ರಿಯಲ್ಲಿ. ಅದನ್ನು ತಣ್ಣಗೆ ಇಡುವ ಚಿಲ್ಲರ್ ಹಗಲು ರಾತ್ರಿ ಓಡುತ್ತಲೇ ಇರಬೇಕು. ಕೋಣೆಗೆ ಸುತ್ತಲೂ ತಾಮ್ರದ ಹಾಳೆ ಹೊಡೆಯಬೇಕು, ಇಲ್ಲದಿದ್ದರೆ ರೇಡಿಯೋ ಅಲೆ ಒಳಗೆ ಬಂದು ಚಿತ್ರ ಕೆಡುತ್ತದೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಅಂಥ ಕಟ್ಟಡ ಬಚ್ಚಿಡುವುದು ಕಷ್ಟ. ನಿಮ್ಮ ಪತ್ತೇದಾರ ಪೊಲೀಸನೇ ಆಗಬೇಕಿಲ್ಲ. ಜೆಸ್ಕಾಂ ಲೈನ್‌ಮನ್ ಆಗಬಹುದು. ತೊಗರಿ ಗೋದಾಮು ಅಂತ ಬೋರ್ಡ್ ಇರುವ ಕಟ್ಟಡಕ್ಕೆ ಮೂರು ಫೇಸಿನಲ್ಲಿ ರಾತ್ರಿಯಿಡೀ ಇಷ್ಟು ಲೋಡ್ ಯಾಕೆ ಅಂತ ಮೊದಲು ಕೇಳುವವನು ಅವನೇ ಅಲ್ವಾ?

ಈಗ ನಾನು ಮುಖ್ಯ ಅಂದುಕೊಂಡಿರುವ ವಿಷಯಕ್ಕೆ ಬರುತ್ತೇನೆ. ಮೆದುಳಿನ ಯಂತ್ರದ ದುರ್ಬಳಕೆ ಅಂದರೆ ನಾವು ಅಮೆರಿಕ, ರಷ್ಯಾ ಕಡೆ ನೋಡುತ್ತೇವೆ. ನಮ್ಮ ದೇಶದಲ್ಲೇ ನಡೆದದ್ದು ಬಹಳ ಜನರಿಗೆ ಗೊತ್ತಿಲ್ಲ. 2008ರಲ್ಲಿ ಪುಣೆಯ ಒಂದು ನ್ಯಾಯಾಲಯ ಕೊಲೆ ಕೇಸಿನಲ್ಲಿ ಒಬ್ಬ ಯುವತಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ತೀರ್ಪಿನಲ್ಲಿ ಒಂದು ಮೆದುಳು ಪರೀಕ್ಷೆಯ ಫಲಿತಾಂಶವನ್ನೂ ಎತ್ತಿ ಹೇಳಿತ್ತು. ಬಿಇಒಎಸ್ ಅಂತ ಅದರ ಹೆಸರು. ಹೊರದೇಶದ್ದಲ್ಲ, ನಮ್ಮವರೇ ಕಂಡುಹಿಡಿದದ್ದು. ತಲೆಗೆ ಇಇಜಿ ಟೋಪಿ ಹಾಕಿ ಸುಮ್ನೆ ಕೂರಿಸುತ್ತಾರೆ. ಆರೋಪಿ ಬಾಯಿ ಬಿಡಬೇಕಾಗಿಲ್ಲ. ‘ನಾನು ವಿಷ ಕೊಂಡೆ’ ಅನ್ನುವಂಥ ವಾಕ್ಯಗಳನ್ನು ಒಂದೊಂದಾಗಿ ಓದುತ್ತಾರೆ. ಆ ಕೆಲಸ ಸ್ವತಃ ಮಾಡಿದವರ ಮೆದುಳು ಒಂದು ರೀತಿ, ಬರೀ ಕೇಳಿ ತಿಳಿದವರ ಮೆದುಳು ಇನ್ನೊಂದು ರೀತಿ ಸ್ಪಂದಿಸುತ್ತದೆ ಅನ್ನುವುದು ಅದರ ವಾದ.

ಯೋಚಿಸಿ ನೋಡಿ. ಕೊಲೆಯ ಆರೋಪ ಹೊತ್ತು ಎಷ್ಟೋ ದಿನ ಠಾಣೆಯಲ್ಲಿ ಅದೇ ಪ್ರಶ್ನೆ ಕೇಳಿಸಿಕೊಂಡವರಿಗೆ ಆ ವಾಕ್ಯ ಕೇಳಿದಾಗ ಎದೆ ಹೊಡೆದುಕೊಳ್ಳುವುದಿಲ್ಲವೇ? ಮನಸ್ಸಿನಲ್ಲಿ ಚಿತ್ರ ಮೂಡುವುದಿಲ್ಲವೇ? ಮಾಡಿದ ನೆನಪನ್ನೂ, ಹೆದರಿಕೆಯಿಂದ ಮೂಡಿದ ಕಲ್ಪನೆಯನ್ನೂ ಬೇರೆ ಮಾಡಿ ತೋರಿಸುವ ಗಟ್ಟಿ ಆಧಾರ ಆ ಪರೀಕ್ಷೆಗೆ ಇರಲಿಲ್ಲ. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಇಂಥ ಪರೀಕ್ಷೆಗಳು ವೈಜ್ಞಾನಿಕವಲ್ಲ ಅಂತ ವರದಿ ಕೊಟ್ಟಿತು. ಶಿಕ್ಷೆಯಾದ ಆ ಯುವತಿಗೆ ಆಮೇಲೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು.

ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಮಂಪರು ಪರೀಕ್ಷೆಗಳ ಭರಾಟೆ. ಸೋಡಿಯಂ ಪೆಂಟೋಥಾಲ್ ಕೊಟ್ಟು, ಅರೆ ಎಚ್ಚರದಲ್ಲಿ ಆರೋಪಿ ತೊದಲುವುದನ್ನು ಟಿವಿಯಲ್ಲಿ ಇಡೀ ನಾಡು ನೋಡಿತು. ಅದು ಸತ್ಯ ಹೊರಡಿಸುವ ಔಷಧಿ ಅಲ್ಲ. ಅರಿವಳಿಕೆಗೆ ಕೊಡುವ ಔಷಧಿ. ಆ ಮಂಪರಿನಲ್ಲಿ ಮನುಷ್ಯ ಸತ್ಯವನ್ನೂ ಹೇಳುತ್ತಾನೆ, ಕಲ್ಪನೆಯನ್ನೂ ಹೇಳುತ್ತಾನೆ, ಎದುರಿಗಿದ್ದವರು ಬಾಯಿಗೆ ಹಾಕಿದ್ದನ್ನೂ ಹೇಳುತ್ತಾನೆ. ಕೊನೆಗೆ 2010ರ ಮೇ 5ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಕೇಸಿನ ಹೆಸರು ಸೆಲ್ವಿ ಮತ್ತು ಕರ್ನಾಟಕ ರಾಜ್ಯ. ಹೌದು, ನಮ್ಮದೇ ರಾಜ್ಯ. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮೆದುಳು ಪರೀಕ್ಷೆ ಯಾವುದನ್ನೂ ಯಾರ ಮೇಲೂ ಮಾಡುವಂತಿಲ್ಲ ಅಂತ ನ್ಯಾಯಾಲಯ ಹೇಳಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಒತ್ತಾಯಿಸಬಾರದು ಅನ್ನುವ ಸಂವಿಧಾನದ 20(3)ನೇ ವಿಧಿ ಅದಕ್ಕೆ ಆಧಾರ. ಈ ತೀರ್ಪನ್ನು ದಯವಿಟ್ಟು ಪೂರ್ತಿ ಓದಿ. ಮನಸ್ಸು ಯಾರ ಸೊತ್ತು ಅನ್ನುವ ಪ್ರಶ್ನೆಯನ್ನು ಅಷ್ಟು ಆಳವಾಗಿ ಕೇಳಿದ ಬರಹಗಳು ಕಡಿಮೆ.

ನಿಮ್ಮ ಕಂಪನಿ ಹೀಗಿರಲಿ. ಅದರ ಟೋಪಿ ನಿಜವಾಗಿ ಏನನ್ನೂ ಓದುವುದಿಲ್ಲ. ಆದರೆ ಕೆಂಪು, ಹಸಿರು ಬಣ್ಣದಲ್ಲಿ ಚೆಂದದ ಮೆದುಳಿನ ಚಿತ್ರ ಪ್ರಿಂಟ್ ಮಾಡಿ ಕೊಡುತ್ತದೆ. ‘ಅನುಭವದ ನೆನಪು: ಶೇ 91’ ಅಂತ ಕೆಳಗೆ ಬರೆದಿರುತ್ತದೆ. ಠಾಣೆಯಲ್ಲಿ ಒಬ್ಬ ಅಧಿಕಾರಿ ಅದನ್ನು ಎತ್ತಿ ಹಿಡಿದು, ನಿನ್ನ ತಲೆನೇ ಒಪ್ಪಿಕೊಂಡಾದ, ಇನ್ನ ನೀ ಬಾಯಿ ಬಿಟ್ರೇನು ಬಿಡದಿದ್ರೇನು ಅಂತಾನೆ. ಎದುರು ಕೂತ ಕೂಲಿಯವನಿಗೆ ತನ್ನ ಮೇಲೆಯೇ ಅನುಮಾನ ಶುರುವಾಗುತ್ತದೆ. ಯಂತ್ರ ಹೇಳಿದ ಮೇಲೆ ನಾನೇ ಮಾಡಿರಬೇಕೇನೋ, ಕುಡಿದ ಅಮಲಲ್ಲಿ ನೆನಪಿಲ್ಲವೇನೋ. ಈ ಒಂದು ದೃಶ್ಯ ರಿಮೋಟ್ ಚಿಪ್‌ಗಿಂತ ಸಾವಿರ ಪಾಲು ಹೆದರಿಸುತ್ತದೆ. ಇದಕ್ಕೆ ಹೊಸ ವಿಜ್ಞಾನವೇ ಬೇಕಾಗಿಲ್ಲ.

ಇಲ್ಲಿಂದ ನೆನಪಿನ ಮಾತಿಗೆ ದಾರಿ ತಾನಾಗಿ ತೆರೆಯುತ್ತದೆ. 2013ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸುಸುಮು ಟೊನೆಗಾವಾ ಅವರ ಪ್ರಯೋಗಾಲಯ ಇಲಿಯಲ್ಲಿ ಸುಳ್ಳು ನೆನಪು ಹುಟ್ಟಿಸಿತು. ಒಂದು ಪೆಟ್ಟಿಗೆಯಲ್ಲಿ ಇಲಿ ಓಡಾಡುವಾಗ ಕೆಲಸ ಮಾಡಿದ ನರಕೋಶಗಳಿಗೆ ಗುರುತು ಹಾಕಿದರು. ಬೇರೆ ಪೆಟ್ಟಿಗೆಯಲ್ಲಿ ಮೆದುಳಿಗೆ ಬೆಳಕು ಹಾಯಿಸಿ ಅದೇ ಕೋಶಗಳನ್ನು ಎಬ್ಬಿಸುತ್ತಾ ಕಾಲಿಗೆ ಶಾಕ್ ಕೊಟ್ಟರು. ಮತ್ತೆ ಮೊದಲಿನ ಪೆಟ್ಟಿಗೆಗೆ ಬಿಟ್ಟರೆ, ಅಲ್ಲಿ ಎಂದೂ ಶಾಕ್ ತಿನ್ನದ ಇಲಿ ಹೆದರಿ ಕಲ್ಲಾಯಿತು. ಇದಕ್ಕೆ ಮೆದುಳಿಗೆ ವೈರಸ್ ಮೂಲಕ ಜೀನ್ ಸೇರಿಸಬೇಕು, ತಲೆಯೊಳಗೆ ಬೆಳಕಿನ ತಂತು ಇಡಬೇಕು. ಮನುಷ್ಯರಲ್ಲಿ ಇದನ್ನು ಯಾರೂ ಮಾಡಿಲ್ಲ.

ಆದರೆ ಮನುಷ್ಯರಿಗೆ ಅಷ್ಟೆಲ್ಲ ಬೇಕಾಗೇ ಇಲ್ಲ. ಎಲಿಜಬೆತ್ ಲಾಫ್ಟಸ್ ಅನ್ನುವ ಮನೋವಿಜ್ಞಾನಿ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 24 ಜನರಿಗೆ ಅವರ ಬಾಲ್ಯದ ಮೂರು ನಿಜವಾದ ಘಟನೆಗಳ ಜೊತೆ ಒಂದು ಸುಳ್ಳು ಘಟನೆ ಸೇರಿಸಿ ಓದಲು ಕೊಟ್ಟರು. ನೀನು ಚಿಕ್ಕವನಿದ್ದಾಗ ದೊಡ್ಡ ಅಂಗಡಿ ಸಂಕೀರ್ಣದಲ್ಲಿ ಕಳೆದುಹೋಗಿದ್ದೆ ಅಂತ. ಸುಮಾರು ನಾಲ್ಕನೇ ಒಂದು ಭಾಗ ಜನ ಅದು ನಡೆದದ್ದೇ ಅಂತ ಪೂರ್ತಿಯಾಗಿ ಅಥವಾ ಸ್ವಲ್ಪ ಮಟ್ಟಿಗೆ ನಂಬಿದರು. ನಮ್ಮ ಕಡೆ ಇದನ್ನು ಶರಣಬಸವೇಶ್ವರ ಜಾತ್ರೆಗೆ ಬದಲಿಸಿಕೊಳ್ಳಿ. ಜಾತ್ರೆಯಲ್ಲಿ ಕೈತಪ್ಪಿ ಹೋಗಿದ್ದೆ, ತೇರಿನ ಹತ್ತಿರ ಅಳುತ್ತಾ ನಿಂತಿದ್ದೆ ಅಂತ ದೊಡ್ಡಮ್ಮ ನಾಲ್ಕು ಸಲ ಹೇಳಿದರೆ ಐದನೇ ಸಲ ನಮಗೇ ಆ ತೇರು ಕಾಣುತ್ತದೆ. ಹಾಗಾಗಿ ನಿಮ್ಮ ಕಂಪನಿಯಲ್ಲಿ ನೆನಪು ತಿದ್ದುವವರು ಎಂಜಿನಿಯರ್ ಆಗಿರಬಾರದು. ಮೆತ್ತಗೆ ಮಾತಾಡುವ, ಮಗಾ ಅಂತ ಕರೆಯುವ ಕೌನ್ಸೆಲರ್ ಆಗಿರಲಿ.

ರಿಮೋಟ್ ವಿಷಯ. 1963ರಲ್ಲಿ ಸ್ಪೇನಿನಲ್ಲಿ ಹೋಸೆ ಡೆಲ್ಗಾಡೋ ಅನ್ನುವ ವಿಜ್ಞಾನಿ ನುಗ್ಗಿ ಬರುತ್ತಿದ್ದ ಗೂಳಿಯನ್ನು ರೇಡಿಯೋ ಬಟನ್ ಒತ್ತಿ ನಿಲ್ಲಿಸಿದರು. ಅದರ ಮೆದುಳಿನಲ್ಲಿ ಎಲೆಕ್ಟ್ರೋಡ್ ಇತ್ತು. ಜಗತ್ತೆಲ್ಲ ಬೆರಗಾಯಿತು. ಗೂಳಿಯ ಸಿಟ್ಟು ಇಳಿಯಲಿಲ್ಲ, ಅದರ ಚಲನೆ ತಪ್ಪಿ ಪಕ್ಕಕ್ಕೆ ತಿರುಗಿತು ಅಷ್ಟೇ ಅಂತ ಆಮೇಲೆ ಬೇರೆ ವಿಜ್ಞಾನಿಗಳು ವಾದಿಸಿದರು. ಕೈ ಎಳೆಯುವುದು, ಕಾಲು ಮಡಚುವುದು ಆಗುತ್ತದೆ. ಹೋಗಿ ಇಂಥವನನ್ನು ಕೊಂದು ಬಾ ಅನ್ನುವ ಆಜ್ಞೆಗೆ ಮೆದುಳಿನಲ್ಲಿ ಒಂದು ಸ್ವಿಚ್ ಇಲ್ಲ.

ಆಸೆ, ಹಂಬಲಗಳನ್ನು ಜಾಸ್ತಿ ಮಾಡುವುದು ಮಾತ್ರ ಆಗುವ ಮಾತು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಮಿಪೆಕ್ಸೋಲ್ ಥರದ ಗುಳಿಗೆಗಳಿವೆ, ಡೋಪಮಿನ್ ಅನ್ನುವ ಮೆದುಳಿನ ರಾಸಾಯನಿಕದ ಕೆಲಸ ಮಾಡುವಂಥವು. ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಒಂದು ಅಧ್ಯಯನ 2010ರಲ್ಲಿ ಬಂತು. ಈ ಗುಂಪಿನ ಔಷಧಿ ತೆಗೆದುಕೊಳ್ಳುವವರಲ್ಲಿ ಶೇ 17ರಷ್ಟು ಜನರಿಗೆ ಜೂಜು, ಅತಿ ಖರೀದಿ, ಅತಿ ತಿನ್ನುವುದು, ಲೈಂಗಿಕ ಹಂಬಲ ಇಂಥ ತಡೆಯಲಾಗದ ತುಡಿತಗಳು ಕಂಡವು. ತೆಗೆದುಕೊಳ್ಳದವರಲ್ಲಿ ಶೇ 7. ಜೀವಮಾನದಲ್ಲಿ ಇಸ್ಪೀಟು ಮುಟ್ಟದ ಮೇಷ್ಟ್ರು ಆನ್‌ಲೈನ್ ರಮ್ಮಿಯಲ್ಲಿ ನಿವೃತ್ತಿ ಹಣ ಕಳೆಯುವುದು ಸಾಧ್ಯವಿರುವ ಕಥೆ. ಮನೆಯವರಿಗೆ ಕಾರಣವೇ ಗೊತ್ತಿರುವುದಿಲ್ಲ. ಈ ಗುಳಿಗೆ ಕೊಡುವಾಗ ನಾವು ಹೆಂಡತಿ ಮಕ್ಕಳನ್ನೂ ಕೂರಿಸಿ ಎಚ್ಚರಿಸುವುದು ಇದಕ್ಕೇ. ಗೊತ್ತಿದ್ದೂ ಎಚ್ಚರಿಸದ ಕಂಪನಿ ನಿಮ್ಮ ಕಥೆಯಲ್ಲಿ ಇರಬಹುದು.

ಇನ್ನೊಂದು ಉದಾಹರಣೆ ನಮ್ಮ ಗಡಿಯಲ್ಲೇ ಇದೆ. ಕಲಬೆರಕೆ ಸೇಂದಿ. ಅದಕ್ಕೆ ಸಿಎಚ್ ಪೌಡರ್ ಅಂದರೆ ಕ್ಲೋರಲ್ ಹೈಡ್ರೇಟ್, ಅಲ್ಪ್ರಝೋಲಮ್, ಡೈಯಾಜೆಪಾಮ್ ಬೆರೆಸುತ್ತಾರೆ. ಇವು ಮೆದುಳನ್ನು ಮಂದ ಮಾಡುತ್ತವೆ. ಅಲ್ಪ್ರಝೋಲಮ್‌ನ ಅಮಲಿನಲ್ಲಿ ನಡೆದದ್ದು ನೆನಪಿನಲ್ಲಿ ಕೂರುವುದೇ ಇಲ್ಲ. ದಿನಾ ಕುಡಿದವರಿಗೆ ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಭ್ರಮೆ, ಫಿಟ್ಸ್. 2015ರಲ್ಲಿ ತೆಲಂಗಾಣದಲ್ಲಿ ದಾಳಿಗಳಾಗಿ ಕಲಬೆರಕೆ ನಿಂತಾಗ ನಿಜಾಮಾಬಾದ್ ಕಡೆ ಹಳ್ಳಿ ಹಳ್ಳಿಯ ಜನ ಆಸ್ಪತ್ರೆ ಸೇರಿದರು. ಚುನಾವಣೆಗೆ ಎರಡು ದಿನ ಮುಂಚೆ ಒಬ್ಬ ಮನುಷ್ಯ ಆ ಪುಡಿ ಸರಬರಾಜು ನಿಲ್ಲಿಸಿದ ಅಂದುಕೊಳ್ಳಿ. ಇಡೀ ಊರು ಅವನ ಮನೆ ಬಾಗಿಲಲ್ಲಿ ನಿಲ್ಲುತ್ತದೆ. ನಿಮಗೆ ರಿಮೋಟ್ ಬೇಕಾದರೆ ಇದೇ ರಿಮೋಟ್.

ಚಿಪ್ ಬಿಡಿ ಅಂದೆ. ಆದರೂ ಚಿಪ್ ಮೇಲೆ ನಿಮಗೆ ಆಸೆ ಇದ್ದರೆ, ಹಾಕುವ ಕಥೆ ಬೇಡ, ಹಾಕಿ ಬಿಟ್ಟುಹೋಗುವ ಕಥೆ ಬರೆಯಿರಿ. ಸೆಕೆಂಡ್ ಸೈಟ್ ಅನ್ನುವ ಅಮೆರಿಕದ ಕಂಪನಿ ಕುರುಡರ ಕಣ್ಣಿನೊಳಗೆ ಕೂರಿಸುವ ಆರ್ಗಸ್ ಸಾಧನ ಮಾಡಿತ್ತು. 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. ಬೆಳಕು, ಬಾಗಿಲು, ಮನುಷ್ಯರ ಆಕಾರ ಮಸುಕಾಗಿ ಕಂಡಿತು. 2020ರ ಹೊತ್ತಿಗೆ ಕಂಪನಿ ದಿವಾಳಿಯ ಅಂಚಿಗೆ ಬಂತು, ರಿಪೇರಿ ನಿಂತಿತು. ಕೆಟ್ಟರೆ ಮತ್ತೆ ಕತ್ತಲೆ, ಒಳಗಿನ ಸಾಧನ ಮಾತ್ರ ಕಣ್ಣಲ್ಲೇ. ಆಸ್ಟ್ರೇಲಿಯಾದಲ್ಲಿ ಒಬ್ಬ ಮಹಿಳೆಗೆ ಫಿಟ್ಸ್ ಬರುವ ಮುಂಚೆ ಎಚ್ಚರಿಸುವ ಸಾಧನ ತಲೆಯಲ್ಲಿ ಹಾಕಿದ್ದರು. ಅವರ ಬದುಕೇ ಬದಲಾಗಿತ್ತು. ಕಂಪನಿ ಮುಚ್ಚಿದಾಗ ಅದನ್ನು ತೆಗೆಸಬೇಕಾಯಿತು. ಮನೆ ಅಡ ಇಟ್ಟಾದರೂ ಕೊಳ್ಳುತ್ತೇವೆ ಅಂದರೂ ಆಗಲಿಲ್ಲ. ಇದನ್ನು ಓದಿದಾಗ ನನಗೆ ನಮ್ಮ ಹೊರರೋಗಿ ವಿಭಾಗದಲ್ಲಿ ಕೂರುವ ಫಿಟ್ಸ್ ಹುಡುಗಿಯರ ಮುಖಗಳೇ ಎದುರಿಗೆ ಬಂದವು. ಒಬ್ಬಳಿಗೆ ಧೈರ್ಯ ಕೊಟ್ಟು ಕಿತ್ತುಕೊಳ್ಳುವುದು ಎಂಥ ಹಿಂಸೆ.

ಒಪ್ಪಿಗೆ ಪತ್ರದ ದೃಶ್ಯಕ್ಕೆ ಒಂದು ಪೂರ್ತಿ ಅಧ್ಯಾಯ ಕೊಡಿ. 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಓದಲು ಬಾರದವರಿದ್ದರೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಇರಬೇಕು. ಹೊಸ ರಾಸಾಯನಿಕ ಔಷಧಿಯ ಪ್ರಯೋಗಕ್ಕೆ ದುರ್ಬಲ ಸ್ಥಿತಿಯವರನ್ನು ಸೇರಿಸಿಕೊಂಡರೆ ವಿಡಿಯೋ ಕೂಡ ಮಾಡಬೇಕು. ನಿಮ್ಮ ಕಂಪನಿ ಎಲ್ಲವನ್ನೂ ಸರಿಯಾಗಿ ಮಾಡಿರಲಿ. ಸಾಕ್ಷಿ ಇದ್ದಾನೆ, ಕ್ಯಾಮೆರಾ ಇದೆ, ಹೆಬ್ಬೆಟ್ಟು ಇದೆ. ಆದರೆ ಪತ್ರ ಓದಿದ್ದು ಪುಸ್ತಕದ ಕನ್ನಡದಲ್ಲಿ. ಎದುರಿಗಿದ್ದ ತಾಂಡಾದ ಅಜ್ಜಿಗೆ ಬರುವುದು ಲಂಬಾಣಿ ಮಾತ್ರ. ಹೂಂ ಅನ್ನು ಆಯಿ ಅಂತ ಯಾರೋ ಪಕ್ಕದಿಂದ ಮೆಲ್ಲಗೆ ಹೇಳಿದ್ದು ವಿಡಿಯೋದಲ್ಲಿ ಕೇಳುತ್ತದೆ. ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಒಂದೇ ಬಸ್ಸಿನಲ್ಲಿ ಕೇಳುವ ಬೀದರ್ ಜಿಲ್ಲೆಯಲ್ಲಿ ಈ ಸುಳಿವು ಸಹಜವಾಗಿ ಕೂರುತ್ತದೆ. ನಿಮ್ಮ ಇಡೀ ಕೇಸು ಆ ಒಂದು ಪಿಸುಮಾತಿನ ಮೇಲೆ ನಿಲ್ಲಬಹುದು.

ಕಾನೂನಿನ ಬಗ್ಗೆ ಚುಟುಕಾಗಿ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ಮಾನಸಿಕ ಕಾಯಿಲೆಗೆ ಮೆದುಳಿನ ಶಸ್ತ್ರಚಿಕಿತ್ಸೆ ಮಾಡಬೇಕಾದರೆ ರೋಗಿಯ ತಿಳಿವಳಿಕೆಯ ಒಪ್ಪಿಗೆ, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿ ಎರಡೂ ಬೇಕು. ಆದರೆ ಮೆದುಳಿನಿಂದ ಬರುವ ಡೇಟಾಕ್ಕೆ ಇಲ್ಲಿ ಪ್ರತ್ಯೇಕ ರಕ್ಷಣೆ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆ ಫೋನ್ ನಂಬರನ್ನೂ ಇಇಜಿಯನ್ನೂ ಒಂದೇ ಸಾಲಿನಲ್ಲಿ ಇಡುತ್ತದೆ. ಚಿಲಿ ದೇಶ 2021ರಲ್ಲೇ ತನ್ನ ಸಂವಿಧಾನಕ್ಕೆ ಮೆದುಳಿನ ಮಾಹಿತಿಯ ರಕ್ಷಣೆ ಸೇರಿಸಿಕೊಂಡಿತು. ಎರಡು ವರ್ಷದ ನಂತರ ಅಲ್ಲಿನ ಸುಪ್ರೀಂ ಕೋರ್ಟ್ ಒಂದು ಹೆಡ್‌ಬ್ಯಾಂಡ್ ಕಂಪನಿಗೆ ಒಬ್ಬರ ಮೆದುಳಿನ ಡೇಟಾ ಅಳಿಸು ಅಂತ ಆದೇಶ ಕೊಟ್ಟಿತು. ನಿಮ್ಮ ಕಥೆಯ ವಕೀಲೆ ಇದನ್ನು ಎತ್ತಬಹುದು.

ಕೊನೆಗೆ, ಡಾಕ್ಟರಾಗಿ ಒಂದು ಬೇಡಿಕೆ. ಇಂಥ ಕಥೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದೇ ಬರುತ್ತದೆ. ಆಗ ಕೈಗೆ ಕಬ್ಬಿಣದ ಕೀಲಿ ಕೊಡಿಸಬೇಡಿ, ಮೂಗಿಗೆ ಚಪ್ಪಲಿ, ಉಳ್ಳಾಗಡ್ಡಿ ಹಿಡಿಸಬೇಡಿ, ಬಾಯಿಗೆ ಚಮಚ ತುರುಕಿಸಬೇಡಿ. ಒಂದು ಪಾತ್ರ ಮುಂದೆ ಬಂದು ಅವರನ್ನು ಪಕ್ಕಕ್ಕೆ ಹೊರಳಿಸಲಿ, ತಲೆಯ ಕೆಳಗೆ ಟವೆಲ್ ಇಡಲಿ, ಗಡಿಯಾರ ನೋಡಲಿ. ಐದು ನಿಮಿಷ ದಾಟಿದರೆ ದವಾಖಾನೆಗೆ ಒಯ್ಯಲಿ. ನಾವು ಇದನ್ನು ಗೋಡೆಗೆ ಪೋಸ್ಟರ್ ಹಚ್ಚಿ ಹೇಳುತ್ತಲೇ ಇದ್ದೇವೆ, ಹೆಚ್ಚಿನವರು ಓದುವುದಿಲ್ಲ. ನಿಮ್ಮ ಕಾದಂಬರಿ ಓದುತ್ತಾರೆ. ಬರೆದ ಮೇಲೆ ಆ ಭಾಗ, ಠಾಣೆಯ ಭಾಗ ಎರಡನ್ನೂ ನನಗೆ ಕಳಿಸಿ, ಪೆನ್ನು ಹಿಡಿದೇ ಓದುತ್ತೇನೆ.